ಮಂಚ ನಂಬಿದ ಬೆರಳು

ಸರ್ಕಾರಿ ಮಂಚಕ್ಕೆ ಹೆಬ್ಬೆರಳು ಒತ್ತಿದೆ. ಅದರ ಗಾಜಿನ ಮುಚ್ಚಳ ತೆರೆಯಲಿಲ್ಲ.

"ನೀವು ಚೌಡಮ್ಮ ಅಲ್ಲ," ಅಂತು ಮಂಚ.

ಒಳಗೆ ಮಲಗಿರುವ ಗ್ರೇಸಿ ಟೀಚರನ್ನು ಆರು ವರ್ಷದಿಂದ ಎತ್ತಿ, ತೊಳೆದು, ಮಗ್ಗಲು ಬದಲಿಸುತ್ತಿರುವವಳು ನಾನು. ಆರೈಕೆಯ ಹೆಸರಲ್ಲಿ ಯಾರೂ ಸುಳ್ಳು ಹಾಜರಿ ಹಾಕಬಾರದಂತೆ, ಅದಕ್ಕೇ ಈ ಮುಚ್ಚಳ.

"ಚೌಡಮ್ಮಾ, ಒದ್ದೆಯಾಗಿದೆ ಕಣೇ," ಅಂದರು ಟೀಚರು.

"ಕೇಳಿಸ್ತಾ? ಅವರೇ ನನ್ನ ಹೆಸರು ಹಿಡಿದು ಕರೀತಿದಾರೆ!" ಅಂತ ಮಂಚಕ್ಕೆ ಕೂಗಿದೆ.

"ರೋಗಿಯ ಮಾತು ಸಾಕ್ಷಿಯಲ್ಲ. ಅವರೂ ಶಾಮೀಲಾಗಿರಬಹುದು."

ಮೈಯೆಲ್ಲ ಉರಿದುಹೋಯಿತು. ಮಂಚ ಕೊಟ್ಟ ಕಚೇರಿಗೆ ಫೋನ್ ಮಾಡಿದೆ.

"ಸೋಪು, ಫಿನಾಯಿಲಿಗೆ ಬೆರಳಿನ ಗೆರೆ ಸವೆದಿರತ್ತೆ ಕಣಮ್ಮ," ಅಂದರು ಸಾಹೇಬರು. "ಹದಿನೈದು ದಿನ ಕೈ ನೀರಿಗೆ ಹಾಕಬೇಡಿ, ಮತ್ತೆ ಮೂಡತ್ತೆ."

"ಅಲ್ಲೀವರೆಗೆ ಇವರನ್ನ ಯಾರು ತೊಳೀತಾರೆ ಸ್ವಾಮಿ?"

"ಭಾನುವಾರ ನಿಮ್ಮ ಬದಲಿಗೆ ಬರೋ ಲಲಿತಾನ ಕಳಿಸ್ತೀನಿ. ಅವರ ಬೆರಳನ್ನ ಮಂಚ ಒಂದು ದಿನವೂ ತಳ್ಳಿಹಾಕಿಲ್ಲ."

ಎಲ್ಲಿ ತಳ್ಳಿಹಾಕೀತು? ಪ್ರತಿ ಸೋಮವಾರ ನಾನು ಬಂದಾಗ ಟೀಚರ ಮೈಮೇಲೆ ಶನಿವಾರ ನಾನೇ ಉಡಿಸಿದ ಬಟ್ಟೆ ಇರುತ್ತದೆ.

ಒಂದು ಗಂಟೆ ಕಳೆದ ಮೇಲೆ ಲಲಿತಾ ಬಂದಳು. ಬೆಣ್ಣೆಯಂಥ ಬೆರಳು ಒತ್ತಿದಳು. ಮುಚ್ಚಳ ತಟ್ಟನೆ ತೆರೆಯಿತು. ವಾಸನೆಗೆ ಮೂಗು ಮುಚ್ಚಿಕೊಂಡು, ಮೊಬೈಲು ಹಿಡಿದು ಆಚೆ ಹೋಗಿ ಕೂತಳು.

ನಾನು ಬಿಸಿನೀರಿನ ಬಕೆಟ್ಟಿಗೆ ಎರಡೂ ಕೈ ಅದ್ದಿದೆ.

ಟೀಚರ ಬೆನ್ನು ಒರೆಸಿ ಮುಗಿಸುವಾಗ ಮಂಚ ಹೇಳಿತು: "ಸೇವೆ ದಾಖಲಾಗಿದೆ. ಧನ್ಯವಾದ, ಲಲಿತಾ."