ಬೇರೆ ಲೋಟ

ತಟ್ಟೆಯಲ್ಲಿ ಎಂದಿನ ಸ್ಟೀಲ್ ಲೋಟದ ಪಕ್ಕ ಇವತ್ತು ಒಂದು ಪುಟ್ಟ ಪ್ಲಾಸ್ಟಿಕ್ ಕಪ್ಪೂ ಇತ್ತು. ಎರಡರಲ್ಲೂ ಕುದಿಸಿ ಆರಿಸಿದ ಕಪ್ಪು ದ್ರಾಕ್ಷಿಯ ರಸ. ಪಾಸ್ಟರ್ ತಾಯಣ್ಣ ರೊಟ್ಟಿ ಮುರಿದು ಎಲ್ಲರಿಗೂ ಹಂಚಿದ ಮೇಲೆ ಆ ಕಪ್ಪನ್ನು ಎತ್ತಿ ನೇರ ಕಿಷ್ಟಮ್ಮನ ಮುಂದೆ ಹಿಡಿದರು.

"ತಗೋರಿ ಕಿಷ್ಟಮ್ಮಾರ. ಇದು ನಿಮಗ."

ಮಕ್ತಲ್ ಸಮೀಪದ ಆ ಹಳ್ಳಿಯ ತಗಡಿನ ಪ್ರಾರ್ಥನಾ ಮಂದಿರದಲ್ಲಿ ಹತ್ತೊಂಬತ್ತು ಮಂದಿ ಸಾಲಾಗಿ ನೆಲದ ಮೇಲೆ ಕೂತಿದ್ದರು. ಹದಿನೆಂಟು ಮಂದಿ ಊರ ಹೊರಗಿನ ಕೇರಿಯವರು. ಕುರುಬರ ಓಣಿಯಿಂದ ಬಂದವಳು ಕಿಷ್ಟಮ್ಮ ಒಬ್ಬಳೇ. ಹೋದ ವಾರವಷ್ಟೇ ಜೂರಾಲ ಅಣೆಕಟ್ಟಿನ ಹಿನ್ನೀರಿನಲ್ಲಿ ಅವಳ ದೀಕ್ಷಾಸ್ನಾನವಾಗಿತ್ತು. ಎಲ್ಲರೂ ಒಂದೇ ಲೋಟದಿಂದ ಗುಟುಕು ಕುಡಿಯುವ ಪ್ರಭುಭೋಜನಕ್ಕೆ ಅವಳು ಕೂತದ್ದು ಇದೇ ಮೊದಲು.

"ಎಲ್ಲಾರಿಗೂ ಇಂಥವ ತಂದೀರೇನ್ರಿ ಅಯ್ಯಗಾರು?"

ತಾಯಣ್ಣ ದನಿ ತಗ್ಗಿಸಿದರು. "ನಿಮಗಷ್ಟ. ನಿಮ್ಮ ಯಜಮಾನ್ರು ನಿನ್ನೆ ಬಂದು ಹೇಳಿ ಹೋಗ್ಯಾರ. ಹಾಡಲಿ, ಪ್ರಾರ್ಥನಾ ಮಾಡಲಿ, ಆ ಲೋಟಕ್ಕ ಬಾಯಿ ಹಚ್ಚಿದ್ರ ಮಾತ್ರ ನಮ್ಮನಿ ಒಲಿ ಮುಟ್ಟಂಗಿಲ್ಲ ಅಂತ. ನಿಮ್ಮ ಸಂಸಾರ ಕೆಡಬಾರದು ನೋಡ್ರಿ. ರಸಾನೂ ಒಂದ, ಪ್ರಭುನೂ ಒಬ್ಬನ."

ಕಿಟಕಿಯಾಚೆ ಬೇವಿನ ನೆರಳಿನಲ್ಲಿ ಮೈಲಾರಲಿಂಗ ಬೈಕಿನ ಮೇಲೆ ಕೂತು ಒಳಗೇ ನೋಡುತ್ತಿದ್ದ. ಕೆಟ್ಟ ಗಂಡನಲ್ಲ. ದೀಕ್ಷಾಸ್ನಾನದ ದಿನ ಅವಳ ಒದ್ದೆ ಸೀರೆ ಹಿಂಡಿ ಹಗ್ಗಕ್ಕೆ ಹಾಕಿದವನು ಅವನೇ. ಆದರೆ ಮನೆಯ ಒಲೆ ಅವನ ತಾಯಿಯದು. ಕುಲದೇವರು ಬೀರಪ್ಪನ ಎಡೆ ಬೇಯುವುದೂ ಅದರ ಮೇಲೆಯೇ.

ಕಿಷ್ಟಮ್ಮ ಕಪ್ಪನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕಿಯ ಕಡೆ ಕೈ ತೋರಿಸಿದಳು. "ಈ ಎಲ್ಲಮ್ಮ ನಮ್ಮ ಹೊಲಕ್ಕ ಕಳೆ ತೆಗಿಯಾಕ ಬರ್ತಾಳ. ಆಕಿಗೆ ಚಾ ಕೊಡಾಕ ನಮ್ಮ ಹಿತ್ತಲ ಗ್ವಾಡಿ ಸಂದಿನಾಗ ಬ್ಯಾರೆ ಲೋಟ ಐತ್ರಿ. ತಾನ ತಗೋಬೇಕು, ತಾನ ತೊಳದು ಇಡಬೇಕು. ಇಪ್ಪತ್ತು ವರ್ಷ ಅದಕ್ಕ ಮ್ಯಾಲಿಂದ ಚಾ ಹೊಯ್ದಾಕಿ ನಾನು. ಈಗ ನೀವು ನನಗ ಅಂಥಾದ್ದ ಒಂದು ತಂದೀರಿ."

"ಇದು ಪಿಲಾಸ್ಟಿಕ್ ಐತ್ರಿ ಅವ್ವಾರ," ಎಂದಳು ಎಲ್ಲಮ್ಮ. "ತೊಳಿಯೋ ಚಿಂತಿ ಇಲ್ಲ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ತಾಯಣ್ಣನವರ ಮುಖ ಸಣ್ಣದಾಯಿತು. "ಒಳ್ಳೇದಾಗಲಿ ಅಂತ ಮಾಡೀನಮ್ಮ."

"ಗೊತ್ತೈತ್ರಿ. ನಾನೂ ಒಳ್ಳೇ ಮನಸಿಂದನ ಚಾ ಹೊಯ್ತಿದ್ದೆ."

ಕಿಟಕಿಯ ಸರಳಿನ ಹಿಂದೆ ಮೈಲಾರಲಿಂಗನ ಮುಖ ಕಾಣಿಸಿತು. "ಕಿಷ್ಟಿ, ಹಟ ಬ್ಯಾಡ. ಸಣ್ಣ ಕಪ್ಪಿನಾಗ ಕುಡದು ಬಾ. ಅವ್ವ ಕೇಳಿದ್ರ ನಾ ಹೇಳ್ತೀನಿ. ಒಲಿ ಮಾತು ನನ್ನ ಕೈಯಾಗ ಇಲ್ಲ."

"ನಿಮ್ಮನ್ನ ಬೈಯಂಗಿಲ್ರಿ ನಾನು," ಎಂದಳು ಕಿಷ್ಟಮ್ಮ. ಆಮೇಲೆ ಪಾಸ್ಟರ್ ಕಡೆ ತಿರುಗಿದಳು. "ಹೋದ ಐತಾರ ನೀವ ಹೇಳಿದ್ರಿ, ನಂಬಿದೋರಿಗೆ ಏನೇನು ಸಿಗ್ತೈತಿ ಅಂತ. ಮಳಿ, ಬೆಳಿ, ನೌಕರಿ ಅಂತ ಹೇಳಲಿಲ್ಲ. ಪಾಪಕ್ಕ ಕ್ಷಮಾ ಐತಿ ಅಂದ್ರಿ. ದೇವರ ಮನಿ ಮಕ್ಕಳಾಗ್ತೀರಿ ಅಂದ್ರಿ. ಕ್ಷಮಾ ಸಿಕ್ಕೈತಿ, ಎದಿ ಹಗುರಾಗೈತಿ, ಅದು ನನಗ ಗೊತ್ತು. ಮಕ್ಕಳಾಗೋದನ್ನೂ ಬಿಡಂಗಿಲ್ಲ ನಾನು. ಒಂದ ಮನಿ ಮಕ್ಕಳಿಗೆ ಬ್ಯಾರೆ ಲೋಟ ಇಡ್ತಾರೇನ್ರಿ?"

ತಾಯಣ್ಣ ಕಪ್ಪಿನಲ್ಲಿದ್ದ ರಸವನ್ನು ಲೋಟಕ್ಕೆ ಸುರಿದರು. ಒಂದೆರಡು ಹನಿ ತಟ್ಟೆಗೆ ಚೆಲ್ಲಿದವು. ಲೋಟ ಸಾಲಿನ ತುದಿಯಿಂದ ಹೊರಟಿತು.

ಏಳನೆಯವಳು ಎಲ್ಲಮ್ಮ. ಒಂದು ಗುಟುಕು ಕುಡಿದು, ಲೋಟದ ಅಂಚನ್ನು ಸೆರಗಿನಿಂದ ಒರೆಸಿದಳು. ಸಾಲದೆನ್ನಿಸಿತೋ ಏನೋ, ಇನ್ನೊಮ್ಮೆ ಒರೆಸಿದಳು. ಆಮೇಲೆ ಲೋಟವನ್ನು ಎತ್ತರಕ್ಕೆ ಹಿಡಿದು ಪಿಸುಗುಟ್ಟಿದಳು: "ಬಾಯಿ ತೆರೀರಿ ಅವ್ವಾರ. ಮ್ಯಾಲಿಂದ ಹೊಯ್ತೀನಿ. ಅತ್ತಿ ಮಾತೂ ಉಳೀತೈತಿ, ನಿಮ್ಮ ಮಾತೂ ಉಳೀತೈತಿ."

ಕಿಷ್ಟಮ್ಮ ತನ್ನ ಎರಡೂ ಕೈಗಳಿಂದ ಅವಳ ಕೈಯನ್ನು ಹಿಡಿದು ಕೆಳಗಿಳಿಸಿ, ಲೋಟವನ್ನು ತುಟಿಗೆ ತಂದುಕೊಂಡಳು. ಕುಡಿದಳು. ಅಂಚು ಒರೆಸದೆ ಪಕ್ಕದವರಿಗೆ ದಾಟಿಸಿದಳು. ಹೊರಗೆ ಬೈಕ್ ಶುರುವಾದ ಸದ್ದು ಕೇಳಿತು. ಅವಳು ತಿರುಗಿ ನೋಡುವ ಹೊತ್ತಿಗೆ ಬೇವಿನ ನೆರಳಿನಲ್ಲಿ ಯಾರೂ ಇರಲಿಲ್ಲ.

ಆರಾಧನೆ ಮುಗಿದು ಹೊರಬಂದಾಗ ಎಲ್ಲಮ್ಮ ಹಿಂದೆಯೇ ಬಂದಳು. "ಮಧ್ಯಾಹ್ನ ಊಟಕ್ಕ ಏನ್ ಮಾಡ್ತೀರಿ ಅವ್ವಾರ? ನಮ್ಮನಿಗೆ ಬರ್ರಿ ಅಂತ ಕರಿಯಾಕ ನನಗ ಬಾಯಿ ಬರವಲ್ದು."

"ನಾಳಿ ಕರಿ, ಬರ್ತೀನಿ. ಇವತ್ತು ನಮ್ಮನಿಗೇ ಹೋಗ್ತೀನಿ. ಗಂಡನ್ನ ಬಿಟ್ಟು ಬಾ ಅಂತ ದೇವರೇನೂ ಹೇಳಿಲ್ಲ. ಅತ್ತಿ ಒಲಿ ಮುಟ್ಟಂಗಿಲ್ಲ, ಅಷ್ಟ. ಅಂಗಳದಾಗ ನಂದೊಂದು ಒಲಿ ಹೂಡ್ತೀನಿ. ಉಣ್ಣೋರು ಬಂದು ಉಣ್ಣಲಿ."

ರಸ್ತೆಯ ಬದಿಯಲ್ಲಿ ಕಲ್ಲಿನ ರಾಶಿ ಬಿದ್ದಿತ್ತು. ಕಿಷ್ಟಮ್ಮ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ, ಪಕ್ಕ ಪಕ್ಕ ಇಟ್ಟು ನೋಡಿದಳು. ಒಲೆಯ ಕಲ್ಲು ಮೂರೂ ಒಂದೇ ಎತ್ತರ ಇರಬೇಕು, ಇಲ್ಲದಿದ್ದರೆ ಗಡಿಗೆ ವಾಲುತ್ತದೆ. ಎರಡು ಒಪ್ಪವಾದವು ಸಿಕ್ಕವು. ಅಷ್ಟಕ್ಕೇ ಎರಡೂ ಕೈ ತುಂಬಿದವು. ಮೂರನೆಯದನ್ನು ಎಲ್ಲಮ್ಮ ಹುಡುಕಿದಳು. ಅದನ್ನು ತಲೆಯ ಮೇಲಿಟ್ಟುಕೊಂಡು, ರೂಢಿಯಂತೆ ನಾಲ್ಕು ಹೆಜ್ಜೆ ಹಿಂದೆ ನಿಂತಳು.

ಕಿಷ್ಟಮ್ಮ ಕದಲಲಿಲ್ಲ. ಎಲ್ಲಮ್ಮ ಆ ನಾಲ್ಕು ಹೆಜ್ಜೆ ನಡೆದು ಪಕ್ಕಕ್ಕೆ ಬರುವವರೆಗೂ, ಎರಡು ಕಲ್ಲಿನ ಭಾರ ಹೊತ್ತು ಬಿಸಿಲಿನಲ್ಲಿ ನಿಂತೇ ಇದ್ದಳು.