ಅಂಗೈಯ ಹೂರಣ

ಬೆನ್ನಿಗೆ ಕಟ್ಟಿಕೊಂಡ ರೆಕ್ಕೆ ಆವತ್ತೂ ಅಂಬುಜಾಕ್ಷಿಯನ್ನು ಎತ್ತಲಿಲ್ಲ. ಅರವತ್ತೈದು ಕಿಲೋ ಮೀರಿದವರನ್ನು ಯಾವ ರೆಕ್ಕೆಯೂ ಎತ್ತುವುದಿಲ್ಲ. ಅವಳ ತೂಕವೋ ಇಳಿಯುತ್ತಾ ಬಂದು ಅರವತ್ತೇಳಕ್ಕೆ ನಿಂತುಬಿಟ್ಟಿತ್ತು. ಮಹಡಿಮನೆಗಳಿಗೆ ಮೆಟ್ಟಿಲು ಕಟ್ಟುವುದನ್ನು ಊರು ಎಂದೋ ಬಿಟ್ಟಿತ್ತು. ಮಗಳ ಹೊಸ ಮಹಡಿಮನೆಯ ಗೃಹಪ್ರವೇಶಕ್ಕೆ ಎರಡೇ ತಿಂಗಳಿದ್ದರೂ ಅವಳು ಅದನ್ನು ಕತ್ತೆತ್ತಿ ನೋಡಿದ್ದಷ್ಟೇ.

“ದಿನಕ್ಕೆ ಸಾವಿರದ ನಾನೂರು ಕ್ಯಾಲೊರಿ ಅಂತೀಯ. ಇನ್ನೊಂದು ಚಪಾತಿ ಬಿಡು,” ಎಂದ, ಸಲೀಸಾಗಿ ಹಾರುವ ಗಂಡ ಶೇಷಾದ್ರಿ.

“ಇನ್ನೇನ್ರೀ ಬಿಡೋದು, ಉಸಿರಾ?” ಎಂದು ಸಿಡುಕಿ ಅವಳು ಒಲೆಯ ಮುಂದೆ ಹೋದಳು. ಅವಳು ದಿನವೂ ಮಾಡಿ ಮಾರುವ ಒಬ್ಬಟ್ಟಿಗೆ ಹೂರಣ ಗಟ್ಟಿಯಾಗುತ್ತಿತ್ತು. ಎಂದಿನಂತೆ ಒಂದಿಷ್ಟು ಅಂಗೈಗೆ ಹಾಕಿಕೊಂಡು ಸಿಹಿ ನೋಡಿದಳು. ಏಲಕ್ಕಿ ಹಾಕಿ ಮತ್ತೆ ನೋಡಿದಳು. ಮೂರನೆಯ ಸಲ ಕೈ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ತಟ್ಟೆಗೆ ಬಿದ್ದದ್ದನ್ನೆಲ್ಲ ಲೆಕ್ಕ ಹಾಕಿದ್ದಳು. ಅಂಗೈಗೆ ಬಿದ್ದದ್ದನ್ನು ಯಾರು ಊಟ ಅಂತಾರೆ? ತೂಗಿ ನೋಡಿದಳು. ದಿನವೆಲ್ಲ ಸೇರಿದರೆ ನಾನೂರು ಕ್ಯಾಲೊರಿ!

“ರೀ, ಬನ್ನಿ ಇಲ್ಲಿ. ಇನ್ಮೇಲೆ ರುಚಿ ನೋಡೋ ಕೆಲಸ ನಿಮ್ದು. ನನ್ನ ಚಪಾತಿ ತಂಟೆಗೆ ಬರಬೇಡಿ.”

ಗೃಹಪ್ರವೇಶದ ಬೆಳಗ್ಗೆ ಅವಳು ರೇಷ್ಮೆ ಸೀರೆ ಉಟ್ಟು, ರೆಕ್ಕೆ ಕಟ್ಟಿಕೊಂಡು, ತಮ್ಮ ಹಳೆಯ ಮನೆಯ ಮೆಟ್ಟಿಲು ಹತ್ತಿ ತಾರಸಿಯ ಮೇಲೆ ನಿಂತಳು. ರೆಕ್ಕೆ ಒಮ್ಮೆ ಅದುರಿತು. ಪಾದ ನೆಲ ಬಿಟ್ಟಿತು. ನೋಡುನೋಡುತ್ತಿದ್ದಂತೆ ತೆಂಗಿನ ಗರಿಗಳು ಕೆಳಗಾದವು. ಎತ್ತರದ ಬಾಲ್ಕನಿಯಿಂದ ಮಗಳು “ಅಮ್ಮಾ!” ಎಂದು ಕಿರುಚಿದಳು.

ತಿರುಗಿ ನೋಡಿದರೆ ಶೇಷಾದ್ರಿ ಇನ್ನೂ ತಾರಸಿಯ ಮೇಲೇ ಪಟಪಟ ರೆಕ್ಕೆ ಬಡಿಯುತ್ತಿದ್ದ.

“ಬರೀ ರುಚಿ ನೋಡಿದ್ದು ಕಣೇ!”

“ನಾನೂ ಹಾಗೇ ಅಂದ್ಕೊಂಡೇ ಇಷ್ಟು ದಿನ ನೆಲದ ಮೇಲಿದ್ದೆ ರೀ!” ಎಂದು ಕೂಗಿ, ಅಂಬುಜಾಕ್ಷಿ ಸೆರಗು ಸಿಕ್ಕಿಸಿಕೊಂಡು ಇನ್ನಷ್ಟು ಮೇಲೇರಿದಳು.