ಡ್ರ್ಯಾಗನ್ ಯುವರಾಜನೂ ವಕೀಲರ ಕೋಟೂ

“ಲೇ, ಎರಡೂ ಎಡಗೈಯೇ ಆಗೋಯ್ತಲ್ಲೇ!”

ಕಟಿಂಗ್ ಮಾಸ್ಟರ್ ಮೇಜಿನ ಮೇಲೆ ಹರಡಿದ್ದ ಕರಿ ಬಟ್ಟೆಯನ್ನು ನೋಡುತ್ತ ತಲೆಯ ಮೇಲೆ ಕೈ ಹೊತ್ತುಕೊಂಡ. ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಹೆಂಡತಿ ಎದ್ದು ಬಂದು ನೋಡಿದಳು. ನಿಜವೇ. ವಕೀಲರ ಕೋಟಿಗೆಂದು ಕತ್ತರಿಸಿದ್ದ ತೋಳುಗಳೆರಡೂ ಎಡಗಡೆಯವು. ಒಂದು ತೋಳು ಕತ್ತರಿಸಿದ ಮೇಲೆ ಅಳತೆಯ ರಟ್ಟನ್ನು ಮಗುಚಿಟ್ಟು ಇನ್ನೊಂದಕ್ಕೆ ಗೆರೆ ಎಳೆಯಬೇಕೆಂಬುದು ಕೆಲಸಕ್ಕೆ ಹೊಸದಾಗಿ ಸೇರಿದವನಿಗೂ ಗೊತ್ತು. ಇವನೋ ತಲೆ ನರೆಯುವಷ್ಟು ಕಾಲ ಕತ್ತರಿ ಹಿಡಿದವನು! ಸಂಜೆ ವಕೀಲರು ಬರುತ್ತಾರೆ. ನಾಳೆ ಅವರ ಮಗಳ ಮದುವೆ.

“ಏನ್ರೀ ಇದು? ಕಣ್ಣು ಎಲ್ಲಿತ್ತು?”

“ಮಾಂತ್ರಿಕ ಅವಳನ್ನ ಗೋಪುರಕ್ಕೆ ಎತ್ಕೊಂಡು ಹೋಗಿದಾನೆ ಕಣೇ. ಯುವರಾಜನಿಗೆ ಇನ್ನೂ ಸುದ್ದಿನೇ ಮುಟ್ಟಿಲ್ಲ,” ಎಂದು ಅವನು ಚಾಕ್ ಡಬ್ಬಿಗೆ ಒರಗಿಸಿಟ್ಟಿದ್ದ ಮೊಬೈಲನ್ನು ತೋರಿಸಿದ.

ಅವಳಿಗೆ ಹಣೆ ಹಣೆ ಚಚ್ಚಿಕೊಳ್ಳಬೇಕೆನ್ನಿಸಿತು. ಈ ರೋಗ ಅಂಟಿಸಿದವಳು ತಾನೇ. ದಿನಕ್ಕೊಂದು ಕಂತಿನಂತೆ ಮೊಬೈಲಿಗೆ ಬರುವ ಆ ಕಾದಂಬರಿಯಲ್ಲಿ ಡ್ರ್ಯಾಗನ್ ಕುಲದ ಯುವರಾಜನೊಬ್ಬನಿದ್ದಾನೆ. ಹೊತ್ತು ಹುಟ್ಟಿದರೆ ಹುಡುಗಿಯ ಹಿಂದೆ ಸುತ್ತುವುದೇ ಅವನ ಕೆಲಸ, ರಾಜ್ಯ ಆಳುವವರು ಯಾರೋ ಆ ದೇವರಿಗೇ ಗೊತ್ತು. ಯುದ್ಧವೆಲ್ಲ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಹುಡುಗಿಯ ಹಣೆಯ ಮೇಲಿನ ಕೂದಲು ಸರಿಸಲು ಮೂರು ಕಂತು ಬೇಕು. ಹುಡುಗಿಯೋ ಗಾಳಿ ಬೀಸಿದರೂ ಮೂರ್ಛೆ ಹೋಗುತ್ತಾಳೆ, ಬೀಳುವುದು ಮಾತ್ರ ತಪ್ಪದೆ ಅವನ ತೋಳಿನ ಮೇಲೇ. ತಲೆಬುಡವಿಲ್ಲದ ಕಥೆ ಎಂದು ಅವಳಿಗೂ ಗೊತ್ತಿತ್ತು. ಆದರೆ ಆ ಯುವರಾಜ ಪ್ರತಿ ಕಂತಿನಲ್ಲೂ ಒಂದು ಸಲ “ದಣಿವಾಯಿತೇ?” ಎಂದು ಕೇಳುತ್ತಾನೆ. ಆ ಒಂದು ಕಾಳಿಗಾಗಿ ಅವಳು ಮಿಕ್ಕ ಜೊಳ್ಳನ್ನೆಲ್ಲ ನುಂಗುತ್ತಿದ್ದಳು.

ಗಂಡ ಕೆಟ್ಟವನೇನಲ್ಲ. ಕುಡಿತವಿಲ್ಲ, ಬಡಿತವಿಲ್ಲ. ಮಾತೂ ಇಲ್ಲ. ಏನು ಹೇಳಿದರೂ “ಹೂಂ”, ಮೈ ಸುಡುವ ಜ್ವರ ಎಂದರೂ “ಹೂಂ”. ಇದನ್ನು ಓದಿಯಾದರೂ ನಾಲ್ಕು ಒಳ್ಳೆಯ ಮಾತು ಕಲಿಯಲಿ ಎಂಬ ಆಸೆಗೆ ಬಿದ್ದು ಅವನ ಮೊಬೈಲಿಗೂ ಅದನ್ನು ಹಾಕಿಕೊಟ್ಟಳು. ಮೊದಮೊದಲು ಬಿದ್ದು ಬಿದ್ದು ನಕ್ಕ. “ಇವಳ ಗೌನಿಗೆ ಎಷ್ಟು ಮೀಟರ್ ಬಟ್ಟೆ ಹಿಡಿಯುತ್ತೆ ಗೊತ್ತಾ? ಅದನ್ನ ಹಾಕ್ಕೊಂಡು ಕುದುರೆ ಹತ್ತುತಾಳಂತೆ, ಕುದುರೆ!” ಎಂದ. ಸ್ವಲ್ಪ ದಿನಕ್ಕೆ ನಗು ನಿಂತಿತು. ಊಟಕ್ಕೆ ಕೂತರೂ ಮೊಬೈಲು ಕೆಳಗಿಳಿಯದಾಯಿತು. ಮೊದಲು ಬರುತ್ತಿದ್ದ “ಹೂಂ” ಕೂಡ ಈಗ ಬರುತ್ತಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಗಿತ್ತು ಅವಳ ಪಾಡು.

“ಮಿಕ್ಕ ಬಟ್ಟೇಲಿ ಬಲಗೈ ಹೊರಡುತ್ತಾ ನೋಡ್ರೀ ಮೊದ್ಲು,” ಎಂದು ಗದರಿದಳು. ಎರಡು ತುಂಡು ಕೂಡಿಸಿದರೆ ಹೇಗೋ ಹೊರಡುತ್ತಿತ್ತು. ಕಂಕುಳ ಕೆಳಗೊಂದು ಜಾಯಿಂಟು ಬರುತ್ತದೆ, ಅಷ್ಟೇ. ವಕೀಲರು ಮಗಳ ಮದುವೆಯಲ್ಲಿ ಕೈ ಎತ್ತಿ ವಾದ ಮಾಡದಿದ್ದರೆ ಸಾಕು. ಮಾಸ್ಟರ್ ಗಡಿಬಿಡಿಯಲ್ಲಿ ಕತ್ತರಿಸಿ ಅವಳ ಮುಂದೆ ಎಸೆದು, ಸ್ಟೂಲಿನ ಮೇಲೆ ಕೂತು ಮತ್ತೆ ಗೋಪುರಕ್ಕೆ ಹೊರಟುಹೋದ.

ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ತಪ್ಪು ಮಾಡಿದವನು ಆರಾಮ, ತಿದ್ದುವವಳಿಗೆ ಬೆನ್ನು ಮುರಿಯುವ ಕೆಲಸ. ಆ ಸಿಟ್ಟನ್ನೆಲ್ಲ ಪೆಡಲಿನ ಮೇಲೆ ಹಾಕಿ ತುಳಿದಳು. ಲೈನಿಂಗೂ ಬಟ್ಟೆಯೂ ಸೇರಿ ದಪ್ಪಗಾಗಿದ್ದ ಜಾಗದಲ್ಲಿ ಕೈ ಜಾರಿತು. ಸೂಜಿ ತೋರುಬೆರಳಿನ ಉಗುರನ್ನು ತೂರಿಕೊಂಡು ಕೆಳಗಿಳಿದೇಬಿಟ್ಟಿತು.

“ಅಯ್ಯಯ್ಯೋ!”

ಕೂಗಿದ್ದು ಅವಳಲ್ಲ, ಮಾಸ್ಟರ್. ಅವಳು ಹಲ್ಲು ಕಚ್ಚಿಕೊಂಡೇ ತಲೆಯೆತ್ತಿದಳು. ಅವನ ಕಣ್ಣಲ್ಲಿ ನೀರು! ಕೈ ಹಿಡಿದಾಗಿನಿಂದ ಅವನು ಅತ್ತದ್ದನ್ನು ಕಂಡವಳಲ್ಲ ಅವಳು. ಎದೆ ತುಂಬಿಬಂತು, ಉಗುರಿನ ಉರಿಯೇ ಮರೆತುಹೋಯಿತು.

“ಏನಿಲ್ಲ ಬಿಡ್ರೀ, ಸ್ವಲ್ಪ...” ಎಂದಳು ಮೆತ್ತಗೆ.

“ಸ್ವಲ್ಪನಾ? ರಕ್ತ ಬಂತು ಕಣೇ! ಗೋಪುರದಿಂದ ಇಳಿಯುವಾಗ ಗುಲಾಬಿ ಮುಳ್ಳು ಚುಚ್ಚಿ ಅವಳ ಬೆರಳಲ್ಲಿ ಒಂದು ಹನಿ ರಕ್ತ ಬಂತು. ಯುವರಾಜ ಮಂಡಿಯೂರಿ ಕೂತು, ಆ ಬೆರಳನ್ನ ಎದೆಗೊತ್ಕೊಂಡು ಅಳ್ತಿದಾನೆ.” ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. “ಹೆಂಗಸರ ನೋವು ಅರ್ಥ ಆಗೋಕೂ ಒಂದು ಹೃದಯ ಬೇಕು ಕಣೇ.”

ಅವಳು ಇನ್ನೊಂದು ಕೈಯಿಂದ ಚಕ್ರ ತಿರುಗಿಸಿ, ಸೂಜಿಯನ್ನು ಮೇಲೆತ್ತಿ, ಬೆರಳನ್ನು ಬಿಡಿಸಿಕೊಂಡಳು. ಅವನು ಆಗ ಇತ್ತ ತಿರುಗಿ ನೋಡಿದ.

“ಅಯ್ಯೋ, ದೂರ ಹಿಡಿಯೇ ಕೈನ! ಲೈನಿಂಗಿಗೆ ಕಲೆ ಆದೀತು.”